ಮೆಚ್ಚುಗೆಯ ರಾಶಿ

ಶಿವರಂಜನಿಯ ಮನೆಯಲ್ಲಿ ಭಾನುವಾರ ಫ್ಯಾನ್ ಹಾಕುವಂತಿರಲಿಲ್ಲ. ಹಾಲ್ ತುಂಬ ಚೀಟಿಗಳು. ಮೂಡಲಪಾಳ್ಯದ ರಸ್ತೆ ಅಗೆದದ್ದರ ಬಗ್ಗೆ ಜನ ಫೇಸ್‌ಬುಕ್‌ನಲ್ಲಿ ಹಾಕಿದ ಕಾಮೆಂಟುಗಳನ್ನು ಅವಳು ಪ್ರಿಂಟ್ ತೆಗೆದು, ಕತ್ತರಿಸಿ, ಕೈಯಿಂದಲೇ ರಾಶಿ ಹಾಕುತ್ತಿದ್ದಳು: ಸಿಟ್ಟು, ಅಳಲು, ಮೆಚ್ಚುಗೆ, ವ್ಯಂಗ್ಯ. ಪಿಎಚ್‌ಡಿ ಅಂದರೆ ಸುಮ್ಮನೆಯೇ!

ವಿಂಗಡಣೆ ಸರಿಯಿದೆಯೇ ಎಂದು ತಾಳೆ ನೋಡಲು ಅವೇ ಕಾಮೆಂಟುಗಳನ್ನು ಇನ್ನೊಬ್ಬರು ಅವಳ ರಾಶಿ ನೋಡದೆ ವಿಂಗಡಿಸಬೇಕಿತ್ತು. ಆ ಇನ್ನೊಬ್ಬ ಮಹದೇವ್, ಮಾರೇನಹಳ್ಳಿಯ ಟ್ಯುಟೋರಿಯಲ್‌ನಲ್ಲಿ ಕನ್ನಡ ಮೇಷ್ಟ್ರು. ಇಬ್ಬರ ರಾಶಿಗಳು ಹೊಂದದೇ ಹೋದರೆ ಬೇರೆಯವರನ್ನು ಹಾಕಿಕೊಳ್ಳಿ ಎಂದು ಗೈಡ್ ಹೇಳಿದ್ದರು.

ಮೊದಲ ಕಂತಿನಲ್ಲೇ ಅವನು ಅವಳನ್ನು ಸೋಲಿಸಿದ್ದ. ‘ಎಂಥ ರೋಡ್ ಸಾರ್, ಮಗುಗೆ ತೊಟ್ಟಿಲೇ ಬೇಡ’ ಎಂಬುದನ್ನು ಅವಳು ಮೆಚ್ಚುಗೆಗೆ ಹಾಕಿದ್ದಳು. ಅವನು ಅದನ್ನು ಗುಂಡಿಗೆ ಬಿದ್ದ ಆಟೋದ ಕುಲುಕಾಟದೊಂದಿಗೆ ಓದಿ ತೋರಿಸಿದಾಗ ಅವಳು ನಕ್ಕು ಸುಸ್ತಾದಳು. ಬರೆದವರ ದನಿ ಇವನಿಗೆ ಹೇಗೆ ಕೇಳುತ್ತದೆ ಎಂದು ವಾರವಿಡೀ ಬೆರಗುಪಟ್ಟಳು. ಅವನು ಅವಳಿಗೆ ಹಿಡಿಸಿಬಿಟ್ಟಿದ್ದ.

ಇವತ್ತು ಎರಡನೇ ಕಂತು. ಎಲ್ಲವೂ ಹೊಂದಿದವು. ಒಂದೂ ತಪ್ಪಲಿಲ್ಲ. ಖುಷಿಯಿಂದ ಮೆಚ್ಚುಗೆಯ ರಾಶಿ ತಿರುವುತ್ತಿದ್ದವಳ ಕೈ ನಿಂತಿತು.

“‘ಕಾಂಟ್ರಾಕ್ಟರ್ ಅಣ್ಣ ದೇವ್ರಂಥೋರು, ಎಲ್ಲೂ ಕಣ್ಣಿಗೇ ಬೀಳಲ್ಲ.’ ಇದು ಮೆಚ್ಚುಗೆನಾ? ನಾನು ಅರ್ಧ ಓದಿ ಹಾಕ್ಬಿಟ್ಟೆ. ನೀವು?”

ಮಹದೇವ್ ಬೆವರು ಒರೆಸಿಕೊಂಡ. ಕಿವಿಯೆಲ್ಲ ಕೆಂಪಾಗಿತ್ತು.

“ನೀವು ಅಲ್ಲೇ ಹಾಕ್ತೀರಿ ಅನ್ನಿಸ್ತು. ಜನ ಹೇಳಿದ್ದನ್ನ ನೀವು ಹಾಗೇ ನಂಬ್ತೀರಲ್ಲ.”

“ಅಂದ್ರೆ ಎಲ್ಲಾನೂ…”

“ಎಲ್ಲಾನೂ ನಿಮ್ ಥರ ಯೋಚ್ನೆ ಮಾಡಿ ಹಾಕ್ದೆ. ಹೊಂದ್ಲಿಲ್ಲ ಅಂದ್ರೆ ಬೇರೆಯವ್ರು ಬರ್ತಾರಲ್ಲ ರೀ. ಆಮೇಲೆ ನಾನು ಯಾವ ನೆಪ ಇಟ್ಕೊಂಡು ಈ ಮನೆಗೆ ಬರ್ಲಿ?”

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ತನ್ನ ಪೆದ್ದುತನವನ್ನೂ ಇಷ್ಟು ಅಕ್ಕರೆಯಿಂದ ಓದಿದವರು ಇನ್ಯಾರಿದ್ದರು? ಆದರೂ ಸುಳ್ಳು ಲೆಕ್ಕವನ್ನು ಪ್ರಬಂಧಕ್ಕೆ ಸೇರಿಸಲು ಮನಸ್ಸು ಒಪ್ಪಲಿಲ್ಲ.

“ಇದು ನಡಿಯಲ್ಲ, ಮಹದೇವ್. ಗೈಡ್‌ಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನನ್ ಫ್ರೆಂಡ್ ಸುಮಾಳನ್ನ ಕರೆದು ಮೊದಲಿಂದ ಮಾಡಿಸ್ತೀನಿ.”

ಅವನು ತಲೆಯಾಡಿಸಿ ಬ್ಯಾಗು ಹೆಗಲಿಗೇರಿಸಿಕೊಂಡ. ಚಪ್ಪಲಿ ಹುಡುಕುತ್ತ ಹೇಳಿದ, “ಹಂಗಾದ್ರೆ ಮುಂದಿನ ಭಾನುವಾರ ನಂಗೆ ಕೆಲಸ ಇಲ್ಲ.”

“ಕೆಲಸ ಇಲ್ಲ. ಬರೋದು ಬೇಡ ಅಂತ ನಾನು ಅಂದೆನಾ?”

ಅವನು ತಿರುಗಿ ಅವಳ ಮುಖವನ್ನೇ ನೋಡಿದ. ಎಲ್ಲರ ದನಿ ಹಿಡಿಯುವವನಿಗೆ ಈ ದನಿ ಸಿಗಲಿಲ್ಲ.

“ಇದನ್ನ ಯಾವ ರಾಶಿಗೆ ಹಾಕ್ಲಿ?”

“ಒಂದ್ ಸಲಾನಾದ್ರೂ ಹೇಳಿದ್ದನ್ನ ಹಾಗೇ ನಂಬಿ,” ಎಂದು ಅವಳು ಚೀಟಿಗಳನ್ನೆಲ್ಲ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದಳು. ಆಮೇಲೆ ಎದ್ದು ಹೋಗಿ ಫ್ಯಾನ್ ಹಾಕಿದಳು.