ಕಾಲೂರದೆ ಕೂತವನು

ಹೆಣ್ಣು ನೋಡಲು ಬಂದವನು ಹಿರಿಯರೆದುರೇ ಎರಡೂ ಕಾಲನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟು ಕೂತಿದ್ದ. ತುಮಕೂರಿನ ಸದಾಶಿವನಗರದ ನಮ್ಮ ಹಾಲ್‌ನಲ್ಲಿ ಅಪ್ಪನ ಹುಬ್ಬು ಗಂಟಾದದ್ದು ಕಾಫಿ ತಟ್ಟೆ ಹಿಡಿದಿದ್ದ ನನಗೂ ಕಂಡಿತು.

ಹೆಸರು ರವೀಶ್, ಕುಣಿಗಲ್ ಹತ್ತಿರದ ಕೊತ್ತಗೆರೆಯವನು. ಸೈನ್ಯದಲ್ಲಿ, ನೆಲದಲ್ಲೂ ನೀರಲ್ಲೂ ಓಡುವ ಎಂಟು ಚಕ್ರದ ಉಕ್ಕಿನ ಗಾಡಿಯ ಡ್ರೈವರ್.

ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಟೆರೇಸಿಗೆ ಕಳಿಸಿದರು. ಅಲ್ಲೂ ಕಾಲು ಮೇಲೆಯೇ. ನನ್ನ ನೋಟ ಎಲ್ಲಿದೆಯೆಂದು ಗೊತ್ತಾದಾಗ ಅವನ ಕಿವಿ ಕೆಂಪಾಯಿತು.

“ಅಭ್ಯಾಸ ಕಣ್ರೀ. ನಮ್ ಗಾಡೀಲಿ ಸೀಟು ಮೇಲಿಂದ ನೇತಾಡುತ್ತೆ. ಕಾಲು ತಳಕ್ಕೆ ಊರೋ ಹಾಗಿಲ್ಲ. ನೆಲದಲ್ಲಿ ಹೂತಿಟ್ಟ ಮೈನ್ ಕೆಳಗೆ ಸಿಡಿದ್ರೆ ಮೊದ್ಲು ಮುರಿಯೋದು ಹಿಮ್ಮಡಿ.”

ತಳ ದೋಣಿಯಂತೆ ಚೂಪಾಗಿರುತ್ತದಂತೆ, ಸ್ಫೋಟದ ಹೊಡೆತ ಎರಡೂ ಬದಿಗೆ ಸರಿದುಹೋಗಲೆಂದು. ಟೈರಿಗೆ ಗುಂಡು ಬಿದ್ದರೂ ಓಡುತ್ತದಂತೆ. ಕುಣಿಗಲ್ ದೊಡ್ಡಕೆರೆ ದಾಟುತ್ತದಾ ಎಂದು ನಾನು ತಲೆ ಎತ್ತದೆ ಕೇಳಿದೆ. ಅಲೆ ತಡೆಯುವ ಮುಂದಿನ ಹಲಗೆ ಎತ್ತಿ ಹಿಂದಿನ ಪ್ರೊಪೆಲರ್ ತಿರುಗಿಸಿದರೆ ಆಯಿತು ಎಂದ. ಆದರೆ ಇನ್ನಷ್ಟು ರಕ್ಷಣೆ ಇರಲಿ ಎಂದು ಮೇಲೆ ದಪ್ಪ ಪ್ಲೇಟ್ ಬಿಗಿದರೆ ತೇಲುವುದಿಲ್ಲವಂತೆ, ನೀರಿಗಿಳಿಯುವ ಮೊದಲು ಬಿಚ್ಚಲೇಬೇಕಂತೆ.

“ಭಯ ಆಗಲ್ವಾ?”

“ಆಗುತ್ತೆ. ಇವತ್ತು ಅದಕ್ಕಿಂತ ಜಾಸ್ತಿ ಆಗ್ತಿದೆ.”

ನಕ್ಕುಬಿಟ್ಟೆ. ನಂಬರ್ ಕೇಳಿದ, ಕೊಟ್ಟೆ.

ಅವರು ಹೋದಮೇಲೆ ಅಪ್ಪ, ದೊಡ್ಡವರ ಮುಂದೆ ಕಾಲೆತ್ತಿ ಕೂರುವ ದುರಹಂಕಾರಿಗೆ ಮಗಳನ್ನು ಕೊಡುವುದಿಲ್ಲ ಎಂದರು. ಅಪ್ಪನಿಗೆ ಎಂದೂ ಎದುರಾಡದ ನಾನು ಬಾಯಿ ತೆರೆದೆ. ಸೀಟು, ತಳ, ಹಿಮ್ಮಡಿ, ಎಲ್ಲ ಬಿಡಿಸಿ ಹೇಳಿದೆ. ಅವನ ವಿಷಯ ಹೇಳುವುದೇ ಒಂದು ಸುಖವಾಗಿತ್ತು.

ಅಪ್ಪನ ಸಿಟ್ಟು ಇಳಿಯಿತು. ಹೂ ಕಟ್ಟುತ್ತಿದ್ದ ಅಮ್ಮನ ಕೈ ನಿಂತಿತು.

“ಕಾಲೂರಿದ್ರೆ ಮುರಿಯೋ ಗಾಡೀಲಿ ಕೂರೋನಿಗೆ ನಿನ್ನ ಕೊಡ್ಲಾ? ದುರಹಂಕಾರಿ ಆಗಿದ್ರೂ ಹೆಂಗೋ ಒಪ್ಕೋತಿದ್ದೆ ಕಣೇ.”

ಅಪ್ಪನೂ ತಲೆಯಾಡಿಸಿದರು. ಮಾರನೆಯ ದಿನವೇ ಬೇಡವೆಂದು ಫೋನ್ ಹೋಯಿತು; ನಾನು ವಾದಿಸಿದ್ದನ್ನೂ ತನ್ನ ಭಯವನ್ನೂ ಅಮ್ಮ ಮುಚ್ಚಿಡದೆ ಹೇಳಿದಳು. ಅದೇ ವಾರ ಗುಬ್ಬಿಯ ಕೊಬ್ಬರಿ ವ್ಯಾಪಾರಿಯ ಮಗನ ಮಾತು ಶುರುವಾಯಿತು.

ರಜೆ ಮುಗಿಸಿ ಹೊರಡುತ್ತಿದ್ದೇನೆಂದು ರವೀಶ್ ಮೆಸೇಜ್ ಮಾಡಿದ. ಲೈಬ್ರರಿಗೆಂದು ಹೇಳಿ ತುಮಕೂರು ಸ್ಟೇಷನ್‌ಗೆ ಹೋದೆ.

“ನನ್ ಪರವಾಗಿ ಮಾತಾಡಿದ್ರಂತೆ. ಅಷ್ಟು ಸಾಕು ಬಿಡಿ.”

“ನಂಗೆ ಸಾಕಾಗಲ್ಲ” ಎಂದೆ.

ಅವನು ಬ್ಯಾಗ್ ಎತ್ತಿದ, ಮತ್ತೆ ಕೆಳಗಿಟ್ಟ. “ನಿಮ್ಮಮ್ಮ ಹೇಳಿದ್ದು ಸುಳ್ಳು ಅಂತ ನಾನು ಹೆಂಗೆ ಹೇಳ್ಲಿ?”

ರೈಲು ಬಂತು, ಹತ್ತಿದ. ಬಾಗಿಲಲ್ಲಿ ನಿಂತು ತಿರುಗಿ ನೋಡುತ್ತಾನೆಂದು ಕಾದೆ. ನೋಡಲಿಲ್ಲ. ನೋಡಿದ್ದರೆ ನಾನೂ ಹತ್ತಿಬಿಡುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು.