ದಿಲ್ಲಿ ಈಶ್ವರಯ್ಯನವರ ಆರು ಕಾರ್ಡು

“ಹಾಳಾದ್ ಬಾಗ್ಲು!”

ಹಣೆ ಉಜ್ಜಿಕೊಳ್ಳುತ್ತ ಈಶ್ವರಯ್ಯ ಊಟಕ್ಕೆ ಬಂದು ಕೂತರು. ಆ ಬಾಗಿಲು ಅವರ ತಾತನ ಕಾಲದಿಂದಲೂ ಅಷ್ಟೇ ಎತ್ತರಕ್ಕಿತ್ತು. ಇಷ್ಟು ದಿನ ತಲೆ ಬಗ್ಗಿಸಿಕೊಂಡು ಬರುತ್ತಿದ್ದವರು ಈಗ ಬಗ್ಗಿಸುವುದನ್ನು ಬಿಟ್ಟಿದ್ದರು, ಅಷ್ಟೇ.

“ದಿಲ್ಲೀಲಿ ಬಾಗ್ಲು ಅಂದ್ರೆ ಎಂಗಿರತ್ತೆ ಗೊತ್ತಾ? ಆನೆ ಬಂದ್ರೆ ಅಂಬಾರಿ ಸಮೇತ ಒಳಕ್ಕೆ ಬರ್ಬೇಕು.”

“ಬರ್ಲಿ. ಆ ಆನೆಗೆ ಮುದ್ದೆ ಮಾಡಾಕೋರು ಯಾರು?” ಅಡುಗೆಮನೆಯಿಂದ ದಾಕ್ಷಾಯಣಮ್ಮ ಕೇಳಿದರು. “ನೀವು ಉಣ್ಣಿ, ಆರೋಯ್ತದೆ.”

ಅಪ್ಪನ ಪಕ್ಕ ಕೂತಿದ್ದ ಹತ್ತು ವರ್ಷದ ಪ್ರೇಮಕುಮಾರಿ ತಟ್ಟೆಗೆ ಮುಖ ಬಗ್ಗಿಸಿ ನಕ್ಕಳು.

ಈಶ್ವರಯ್ಯನವರದು ಹೊಳೆನರಸೀಪುರದಲ್ಲಿ ಕೊಬ್ಬರಿ ವ್ಯಾಪಾರ. ಮೂವತ್ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಅವರು ಕೊಬ್ಬರಿ ಮೂಟೆಗಳ ಜೊತೆ ರೈಲು ಹತ್ತಿ ದಿಲ್ಲಿಗೆ ಹೋಗಿ, ಹನ್ನೊಂದು ದಿನ ಇದ್ದು ಬಂದಿದ್ದರು. ಹೋಗುವಾಗ ಒಬ್ಬರೇ ಹೋಗಿದ್ದರು. ಬರುವಾಗ ಇಡೀ ದಿಲ್ಲಿಯನ್ನೇ ಕರೆದುಕೊಂಡು ಬಂದಿದ್ದರು.

ಅಂದಿನಿಂದ ಊರಿಗೆ ಕಷ್ಟಕಾಲ ಶುರುವಾಯಿತು. ಹೇಮಾವತಿ ತುಂಬಿ ಹರಿಯುತ್ತಿದ್ದಾಳೆ ಎಂದು ಯಾರಾದರೂ ಹೇಳಿದರೆ, “ಯಮುನೆ ನೋಡಿದೀಯಾ?” ಎನ್ನುವರು. ಗಂಟೆ ಎಷ್ಟು ಎಂದರೆ, ಚಾಂದನಿ ಚೌಕದ ನಡುಬೀದಿಯಲ್ಲಿರುವ ಗಡಿಯಾರದ ಗೋಪುರದ ವರ್ಣನೆ. ಬಸ್ಸು ತಡವಾದರೆ ದಿಲ್ಲಿಯ ಟ್ರಾಮು. ಕುತುಬ್ ಮಿನಾರಿನ ಮುನ್ನೂರ ಎಪ್ಪತ್ತೊಂಬತ್ತು ಮೆಟ್ಟಿಲನ್ನಂತೂ ಅವರು ದಿನಕ್ಕೆರಡು ಸಲ ಹತ್ತುತ್ತಿದ್ದರು, ಕಾಫಿ ಹೋಟೆಲಿನ ಬೆಂಚಿನ ಮೇಲೆ ಕೂತುಕೊಂಡೇ.

ಊರಿನವರು ‘ದಿಲ್ಲಿ ಈಶ್ವರಯ್ಯ’ ಎಂದು ಹೆಸರಿಟ್ಟರು. ಗೇಲಿಗೆ ಇಟ್ಟ ಹೆಸರನ್ನು ಅವರು ಬಿರುದು ಎಂದುಕೊಂಡರು. ಸ್ಕೂಲಿನಲ್ಲಿ ಅವರ ಮಗಳು ‘ದಿಲ್ಲಿ ಪ್ರೇಮ’ ಆದಳು. ಅವಳೂ ಬೇಡ ಎನ್ನಲಿಲ್ಲ.

ಭೂಗೋಳದ ಮೇಷ್ಟ್ರು ಚನ್ನಬಸವಯ್ಯನವರು ಇದನ್ನು ಕೇಳಿ, “ಪ್ರೇಮಾ, ಶನಿವಾರ ನಿಮ್ಮ ತಂದೆ ನಮ್ಮ ಸ್ಕೂಲಿಗೆ ಬಂದು ದಿಲ್ಲಿ ವಿಷಯ ಹೇಳ್ತಾರೇನು ಕೇಳು. ಚಿತ್ರಗಿತ್ರ ಇದ್ರೆ ತರಕ್ಕೆ ಹೇಳು” ಎಂದರು.

ಚಿತ್ರ ಇದ್ದವು. ಆರು ಕಾರ್ಡು, ದಾರ ಸುತ್ತಿ, ಟ್ರಂಕಿನ ತಳದಲ್ಲಿ. ಅಪ್ಪ ಅವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಅವು ಅಲ್ಲಿರುವುದು ಪ್ರೇಮಳಿಗೆ ಗೊತ್ತಿದ್ದದ್ದು ಹೇಗೆಂದರೆ, ಹೋದ ವಾರ ಅವಳು ಅವನ್ನು ಕದ್ದು ಸ್ಕೂಲಿಗೆ ಒಯ್ದಿದ್ದಳು. ವಕೀಲರ ಮಗಳು ಅನಸೂಯ, “ನಿಮ್ಮಪ್ಪ ಬರೀ ಬುರುಡೆ ಬಿಡ್ತಾರಂತೆ ಕಣೆ” ಎಂದಿದ್ದಳು. “ಬುರುಡೆಯಾದ್ರೆ ಇದೇನು ಮತ್ತೆ?” ಎಂದು ಆರೂ ಕಾರ್ಡನ್ನು ಅವಳ ಮೂಗಿನ ಮುಂದೆ ಹಿಡಿಯದೆ ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಸ್ಕೂಲು ಬಿಟ್ಟು ಬಂದಾಗ ಅಪ್ಪ ಜಗಲಿಯ ಮೇಲೆ ಕಾರ್ಡುಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದರು.

“ಬಾ ಮಗ. ನಾಳೆ ಎಂಗೆ ಯೋಳ್ತೀನಿ ಕೇಳು. ಇದು ಕುತುಬ್ ಮಿನಾರ್.”

ಅದು ಸರಿ. ಅಷ್ಟೆತ್ತರದ ಕಂಬ, ತಪ್ಪಬೇಕೆಂದರೂ ತಪ್ಪುವಂತಿರಲಿಲ್ಲ.

ಅಪ್ಪ ಸಾಲಿನ ಮೊದಲ ಕಾರ್ಡು ಮುಟ್ಟಿದರು. “ಇದು ಕೆಂಪು ಕೋಟೆ.”

ಪ್ರೇಮ ಬಗ್ಗಿ ನೋಡಿದಳು. ಕಾರ್ಡುಗಳೆಲ್ಲ ಕಪ್ಪು ಬಿಳುಪು. ಯಾವುದು ಕೆಂಪು, ಯಾವುದು ಅಲ್ಲ ಎಂದು ಹೇಳುವ ಹಾಗಿರಲಿಲ್ಲ. ಆದರೆ ಚಿತ್ರದಲ್ಲಿದ್ದದ್ದು ರಾಗಿ ಬೀಸುವ ಕಲ್ಲಿನ ಹಾಗೆ ದುಂಡಗಿನ ಕಟ್ಟಡ. ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರ. ಈ ವರ್ಷವಷ್ಟೇ ಇಂಗ್ಲಿಷ್ ಕಲಿಯುತ್ತಿದ್ದ ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು. ಕೌನ್ಸಿಲ್ ಹೌಸ್.

ಅಪ್ಪ ತಮಾಷೆ ಮಾಡುತ್ತಿರಬೇಕು ಎಂದುಕೊಂಡಳು.

ಅವರು ಸಾಲಿನ ಕೊನೆಯ ಕಾರ್ಡು ಎತ್ತಿದರು. “ಇದು ವೈಸರಾಯ್ ಬಂಗ್ಲೆ. ಗುಮ್ಮಟ ಎಷ್ಟವೆ ನೋಡು! ಒಬ್ಬ ಮನ್ಸಂಗೆ ಇಷ್ಟ್ ದೊಡ್ ಮನೆ!”

ಅದರ ಕೆಳಗೆ ‘ಜಾಮಾ ಮಸ್ಜಿದ್’ ಎಂದಿತ್ತು.

ಅಪ್ಪ ತಮಾಷೆ ಮಾಡುತ್ತಿಲ್ಲ ಎಂದು ಪ್ರೇಮಳಿಗೆ ಗೊತ್ತಾಯಿತು. ಹೋದ ವಾರ ಕಾರ್ಡುಗಳನ್ನು ಟ್ರಂಕಿಗೆ ವಾಪಸ್ ಇಡುವಾಗ ಅವಳು ಚೆಂದದ್ದು ಮೇಲೆ ಬರುವ ಹಾಗೆ ಜೋಡಿಸಿದ್ದಳು. ಇಂಗ್ಲಿಷ್ ಓದಲು ಬಾರದ ಅಪ್ಪನಿಗೆ ಗೊತ್ತಿದ್ದದ್ದು ಹೆಸರುಗಳ ವರಸೆ ಮಾತ್ರ. ಕಣ್ಣಾರೆ ಕಂಡವರಿಗೆ ವರಸೆ ಯಾಕೆ ಬೇಕು?

ಅಪ್ಪ ಯಾವುದನ್ನೂ ನೋಡಿಲ್ಲ!

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ನಾಳೆ ಇಡೀ ಸ್ಕೂಲು ಕೂತಿರುತ್ತದೆ. ಅನಸೂಯ ಇಂಗ್ಲಿಷನ್ನು ತನಗಿಂತ ಚೆನ್ನಾಗಿ ಓದುತ್ತಾಳೆ. ‘ತಪ್ಪು ಅಪ್ಪಾ’ ಎಂದರೆ, ತನಗೆ ಎಲ್ಲ ಗೊತ್ತಾಯಿತೆಂದು ಅಪ್ಪನಿಗೆ ತಿಳಿದುಬಿಡುತ್ತದೆ. ಸುಮ್ಮನಿದ್ದರೆ ಊರಿಗೇ ತಿಳಿಯುತ್ತದೆ.

“ಅಪ್ಪಾ, ಕಾರ್ಡು ನೋಡ್ದೆ ಬರೀ ಹೆಸರು ಹೇಳು. ನಾನೂ ಬಾಯಿಪಾಠ ಮಾಡ್ಕೋತೀನಿ.”

ಈಶ್ವರಯ್ಯ ಖುಷಿಯಿಂದ ಕಣ್ಣು ಮುಚ್ಚಿಕೊಂಡು ಮಗ್ಗಿ ಒಪ್ಪಿಸಿದಂತೆ ಹೇಳಿದರು. “ಕೆಂಪು ಕೋಟೆ, ಜಾಮಾ ಮಸೀದಿ, ಕುತುಬ್ ಮಿನಾರ್, ಹುಮಾಯೂನನ ಗೋರಿ, ಕೌನ್ಸಿಲ್ ಹೌಸು, ವೈಸರಾಯ್ ಬಂಗ್ಲೆ.”

ಅವರು ಪೂಜೆಗೆಂದು ಕೈಕಾಲು ತೊಳೆಯಲು ಎದ್ದು ಹೋದದ್ದೇ, ಪ್ರೇಮ ಅಕ್ಷರ ಕೂಡಿಸಿ ಕೂಡಿಸಿ ಆರೂ ಕಾರ್ಡನ್ನು ಅದೇ ವರಸೆಗೆ ತಂದು ದಾರ ಸುತ್ತಿಟ್ಟಳು.

ಶನಿವಾರ ಬೆಳಿಗ್ಗೆ ಈಶ್ವರಯ್ಯ ಜರಿ ಪೇಟ ಸುತ್ತಿಕೊಂಡು ಸ್ಕೂಲಿಗೆ ಬಂದರು. ಮೊದಲ ಕಾರ್ಡು ಎತ್ತಿದಾಗ ಒಂದು ಕ್ಷಣ ತಡವರಿಸಿದರು. ಆಮೇಲೆ ನೀರು ಕುಡಿದಂತೆ ಹೇಳಿಕೊಂಡು ಹೋದರು. ಕೋಟೆ ಕಟ್ಟಿಸಿದ್ದು ಶಹಜಹಾನ್. ದಿಲ್ಲಿ ಏಳು ಸಲ ಹಾಳಾಗಿ ಏಳು ಸಲ ಎದ್ದ ಊರು. ಮೇಷ್ಟ್ರು ನಡುವೆ ಬಾಯಿ ಹಾಕಿ, “ಬ್ರಿಟಿಷರಿಗೆ ದಿಲ್ಲಿಗಿಂತ ಮುಂಚೆ ರಾಜಧಾನಿ ಕಲ್ಕತ್ತ. ಬರ್ಕೊಳ್ಳಿ, ಪರೀಕ್ಷೆಗೆ ಬರತ್ತೆ” ಎಂದರು. ಅಲ್ಲಿಯವರೆಗೆ ಕಣ್ಣರಳಿಸಿ ಕೇಳುತ್ತಿದ್ದ ಮಕ್ಕಳಿಗೆ ಒಟ್ಟಿಗೇ ಆಕಳಿಕೆ ಬಂತು.

ಅನಸೂಯ ಎದ್ದು ನಿಂತಳು.

“ಸಾ, ಕುತುಬ್ ಮಿನಾರಿನ ತುದಿಯಿಂದ ಏನೇನು ಕಾಣತ್ತೆ ಸಾ?”

ಇದು ಯಾವ ಕಾರ್ಡಿನಲ್ಲೂ ಇರಲಿಲ್ಲ. ಈಶ್ವರಯ್ಯ ಕಾರ್ಡನ್ನು ನೋಡಿದರು. ತಿರುಗಿಸಿ ಹಿಂದೆಯೂ ನೋಡಿದರು.

“ತುದಿಯಿಂದ... ದಿಲ್ಲಿ ಕಾಣತ್ತೆ.”

“ದಿಲ್ಲೀಲಿ ಏನು ಸಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪನ ಮೇಲ್ದುಟಿ ಬೆವರಿದ್ದು ಪ್ರೇಮಳಿಗೆ ಕಂಡಿತು. ಮಾತಿಗೆ ತಡಕಾಡುವ ಅಪ್ಪನನ್ನು ಅವಳು ಎಂದೂ ನೋಡಿರಲಿಲ್ಲ. ಮಂಡಿ ನೋವು ಎಂದು ಹೇಳಿ ಅವರನ್ನು ಕೂರಿಸಿಬಿಡೋಣ ಎಂದು ಅವಳು ದಡಬಡ ಎದ್ದಳು.

“ಮಂಡಿ ಸಾ! ನಮ್ಮಪ್ಪಂಗೆ ಮಂಡಿ...”

‘ನೋವು’ ಎನ್ನುವ ಮೊದಲೇ ಅಪ್ಪ ಬಾಯಿ ಹಾಕಿದರು.

“ಮಂಡಿ!” ಈಶ್ವರಯ್ಯನವರ ಮುಖ ಅರಳಿತು. “ಊಂ ಕಣಪ್ಪ, ಮಂಡಿ! ದಿಲ್ಲೀಲಿ ಖಾರಿ ಬಾವ್ಲಿ ಬೀದಿ ಮಂಡಿ! ಅದ್ನ ಒಬ್ರೂ ಕೇಳಾಕಿಲ್ವಲ್ಲ!”

ಮಗಳು ಹೇಳಹೊರಟದ್ದು ಕಾಲಿನ ಮಂಡಿ. ಅಪ್ಪ ಹಿಡಿದುಕೊಂಡದ್ದು ಕೊಬ್ಬರಿ ಮಾರುವ ಮಂಡಿ. ಪ್ರೇಮ ತಕರಾರು ಮಾಡದೆ ಕೂತಳು.

“ಆ ಬೀದೀಲಿ ಬೆಳಿಗ್ಗೆ ಮೆಣಸಿನಕಾಯಿ ಮೂಟೆ ಬಿಚ್ಚಿದ್ರೆ ಸಾವ್ಕಾರ, ಹಮಾಲಿ, ಪೊಲೀಸು ಎಲ್ಲಾರ್ಗೂ ಒಂದೇ ಸೀನು! ನಂಗೆ ಅವರ ಮಾತು ಬರಲ್ಲ, ಅವರ್ಗೆ ನಂದು ಬರಲ್ಲ. ಒಬ್ಬ ಗಡ್ಡದ ಸಾವ್ಕಾರ ಬಂದ. ಒಂದು ಕೊಬ್ಬರಿ ಗಿಟುಕು ಎತ್ಕಂಡು, ಬೆರಳಲ್ಲಿ ತಟ್ಟಿ, ಕಿವಿಗಿಡ್ಕಂಡ. ಥೇಟ್ ನಾವು ಮಾಡೋ ಅಂಗೇ! ಆಮೇಲೆ ನನ್ನ ಕೈಮೇಲೆ ಟವಲ್ ಆಕಿ, ಅದರಡೀಲಿ ಬೆರಳು ಇಡ್ಕಂಡ. ನಮ್ಮ ದನದ ಸಂತೇಲಿ ರೇಟು ಮಾಡ್ತಾರಲ್ಲ, ಅಂಗೆ. ನಂಗೆ ಅಳು ಬಂದ್ಬುಡ್ತು ಕಣ್ರಪ್ಪ. ಅಷ್ಟು ದಿನದಾಗೆ ಅದೊಂದೇ ಅರ್ಥ ಆಗಿದ್ದು.”

ಅವರು ಮೇಷ್ಟ್ರ ಅಂಗವಸ್ತ್ರವನ್ನೇ ಎಳೆದುಕೊಂಡು, ಅದರಡಿ ಮೇಷ್ಟ್ರ ಬೆರಳು ಹಿಡಿದು ವ್ಯಾಪಾರ ಮಾಡಿ ತೋರಿಸಿದರು. ಮೇಷ್ಟ್ರು ಕಚಗುಳಿಯಾಗಿ ನಕ್ಕರು. ಪಾಠದಲ್ಲಿ ಮೇಷ್ಟ್ರು ನಕ್ಕಿದ್ದು ಅದೇ ಮೊದಲು. ಮಕ್ಕಳು ಬೆಂಚು ಕುಟ್ಟಿದರು.

“ಆದ್ರೂ ಸಾ, ತುದಿಯಿಂದ ಏನು...” ಎಂದು ಅನಸೂಯ ಮತ್ತೆ ಎದ್ದಳು. ಪುಣ್ಯಕ್ಕೆ ಗಂಟೆ ಹೊಡೆಯಿತು.

ಮನೆಯ ದಾರಿಯಲ್ಲಿ ಅಪ್ಪ ಮಾತಾಡಲಿಲ್ಲ. ಈಶ್ವರಯ್ಯನವರು ಮಾತಾಡದೆ ನಡೆಯುವುದನ್ನು ಕಂಡು ಎದುರಿಗೆ ಬಂದ ಇಬ್ಬರು ಗಾಬರಿಯಿಂದ ತಿರುಗಿ ನೋಡಿದರು.

“ಕಾರ್ಡು ನೆನ್ನೆ ಇದ್ದಂಗೆ ಇರ್ಲಿಲ್ಲ,” ಎಂದರು ಕೊನೆಗೆ. “ನೀನೇ ಜೋಡಿಸ್ದೆ ಅಲ್ವಾ?”

“ಹೂಂ.”

“ನಾನು ಒಂದ್ನೂ ನೋಡ್ಲಿಲ್ಲ ಕಣವ್ವ. ಬರ್ವಾಗ ರೈಲಲ್ಲಿ ಒಬ್ರು ಧಾರವಾಡದೋರು ಸಿಕ್ಕಿದ್ರು. ಅವರು ಎಲ್ಲಾ ನೋಡಿದ್ರು. ಕಾರ್ಡೂ ಅವರೇ ಕೊಟ್ಟಿದ್ದು.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು. “ದಿನಾ ಮಂಡಿ ಬೀದಿ ಕೊನೇ ತನಕ ಓಗ್ತಿದ್ದೆ. ಬೋರ್ಡು ಓದಾಕೆ ಬರಲ್ಲ, ಕೇಳಾಕೆ ಮಾತು ಬರಲ್ಲ. ತಪ್ಪಿಸ್ಕಂಡ್ಬುಟ್ರೆ? ತಿರುಗಿ ಬಂದು ಮೂಟೆ ಮೇಲೆ ಕೂತ್ಕಂತಿದ್ದೆ. ಅನ್ನೊಂದು ದಿನಾನೂ.”

ಹಾಸನದಲ್ಲಿ ಒಮ್ಮೆ ಅಪ್ಪನ ಕೈ ತಪ್ಪಿಹೋಗಿ ಬಸ್ಸುಗಳ ನಡುವೆ ನಿಂತು ಅತ್ತದ್ದು ಪ್ರೇಮಳಿಗೆ ನೆನಪಾಯಿತು. ಅಪ್ಪ ಅವಳನ್ನು ಹುಡುಕಿಕೊಂಡು ಬಂದಿದ್ದರು. ದಿಲ್ಲಿಯಲ್ಲಿ ಅಪ್ಪನನ್ನು ಹುಡುಕಲು ಯಾರಿದ್ದರು?

“ಗೋಣಿ ಚುಚ್ತಿರಲಿಲ್ವಾ ಅಪ್ಪಾ?”

“ಚುಚ್ತಿತ್ತು.”

ಅಷ್ಟರಲ್ಲಿ ಕಾಫಿ ಹೋಟೆಲಿನ ಬೆಂಚಿನಿಂದ, ದಿನಾ ಅಪ್ಪನ ಕತೆ ಕೇಳುತ್ತಿದ್ದ ಗಂಗಯ್ಯ ಕೂಗಿದರು. “ಬನ್ನಿ ಬನ್ನಿ, ದಿಲ್ಲಿ ಸ್ವಾಮಿಗಳು! ವೈಸರಾಯಿ ಬಂಗ್ಲೆ ಕತೆ ಅರ್ಧಕ್ಕೇ ನಿಂತೋಯ್ತಲ್ಲ!”

ಈಶ್ವರಯ್ಯ ಬಾಯಿ ತೆರೆದರು. ಮಗಳ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡರು.

“ಹೋಗಿ ಹೇಳಿ ಬಾ ಅಪ್ಪಾ,” ಎಂದಳು ಪ್ರೇಮ. “ನಾನು ಇಲ್ಲೇ ಇರ್ತೀನಿ.”

ಅವಳು ಹೋಟೆಲಿಗೆ ಬೆನ್ನು ಹಾಕಿ ನಿಂತಳು. ಹಿಂದೆ ಅಪ್ಪನ ದನಿ ಮೊದಮೊದಲು ಮೆಲ್ಲಗೆ ಕೇಳಿತು, ಆಮೇಲೆ ಜೋರಾಯಿತು. ರಸ್ತೆಯಾಚೆ ಎಳನೀರಿನ ಗಾಡಿಯೊಂದು ನಿಂತಿತ್ತು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅಪ್ಪ ಕತೆ ಮುಗಿಸುವವರೆಗೂ ಪ್ರೇಮ ತಿರುಗದೆ ಅದನ್ನೇ ನೋಡುತ್ತ ನಿಂತಳು.