ಅರವತ್ತು ಲಕ್ಷ ಸಾಕ್ಷಿ

ನರ್ಸ್ ರಾಜಮತಿ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತನೆಯ ಅರಿವೆಯಿಂದ ಒಂದೊಂದಾಗಿ ಒರೆಸುತ್ತಿದ್ದಳು. ಹನ್ನೆರಡನೆಯದು ಕೈಯಲ್ಲಿದ್ದಾಗ ಆಸ್ಪತ್ರೆಯ ಅಂಗಳದಲ್ಲಿ ಟಾಂಗಾ ನಿಂತಿತು.

ಒಳಗೆ ಒಬ್ಬ ಬಾಣಂತಿ. ಹೆಸರು ಕಾಂತಾ. ಖಾನಾಪುರದಿಂದ ಮಧ್ಯಾಹ್ನದ ರೈಲಿಗೆ ಬೆಳಗಾವಿಗೆ ತಂದಿದ್ದರು. ಮೈಮೇಲೆ ಎಚ್ಚರವಿಲ್ಲ. ಜೊತೆಗೆ ಗಂಡ ಆದಿನಾಥ, ಪೊಲೀಸ್ ಫೌಜದಾರ ಗುರುಪಾದಪ್ಪ.

"ಕಷಾಯದಾಗ ವಿಷಾ ಹಾಕ್ಯಾಳ್ರೀ ಸೂಲಗಿತ್ತಿ ಭರಮವ್ವ," ಎಂದ ಆದಿನಾಥ. "ಮುಂಜಾನಿ ಕುಡದು ಮಲಗಿದಾಕಿ ಏಳಲೇ ಇಲ್ಲ."

"ಭರಮವ್ವನ್ನ ಚೌಕಿಯೊಳಗ ಕುಂದರಿಸೇನಿ," ಎಂದರು ಫೌಜದಾರರು. "ಈಕಿ ಉಳದ್ರ ಮುದುಕಿಗೆ ಜೇಲು. ಹೋದ್ರ ಗಲ್ಲು."

ರಾಜಮತಿ ಟಾಂಗಾದೊಳಗೆ ಬಗ್ಗಿದಳು. ಕಾಂತಾಳ ಕೆನ್ನೆ ನೋಡಿದಳು. ಇಪ್ಪತ್ತೆಂಟು ದಿನದ ಬಾಣಂತಿ. ಬಿಳಿಚಿಕೊಂಡಿರಬೇಕಾದ ಮುಖ. ಆದರೆ ಕುಂಕುಮದ ನೀರು ಬಳಿದ ಹಾಗೆ ಕೆಂಪಗಿತ್ತು.

ವಿಷ ಕುಡಿದವರು ಹೀಗೆ ಕಳೆಗಟ್ಟುತ್ತಾರೆಯೇ?

* * *

ಎರಡು ಲೋಟ ನೀರು. ಒಂದಕ್ಕೆ ರಾಜಮತಿ ತನ್ನ ಬೆರಳಿನ ರಕ್ತ ಹನಿಸಿದಳು. ಇನ್ನೊಂದಕ್ಕೆ ಕಾಂತಾಳದು. ಮೊದಲನೆಯದು ಹಳದಿಗೆ ತಿರುಗಿತು. ಎರಡನೆಯದು ಗುಲಾಬಿಯಾಗಿಯೇ ಉಳಿಯಿತು.

"ಇದು ಇದ್ದಲಿ ಹೊಗಿ ಸಾಹೇಬ್ರ. ಕಣ್ಣಿಗೆ ಕಾಣದ ಹೊಗಿ. ಬಾಣಂತಿ ಹೊರಸಿನ ಕೆಳಗ ಕೆಂಡದ ಶೇಗಡಿ ಇಡತಾರಲ್ಲ, ಅದರದು. ಕಷಾಯದಾಗ ಏನೂ ಇಲ್ಲ."

ಗುರುಪಾದಪ್ಪನವರು ಮೀಸೆ ಸವರಿದರು. "ಅಂದ್ರ ವಿಷಾ ಅಲ್ಲ, ಹೊಗಿ. ಆದ್ರ ಶೇಗಡಿ ಇಟ್ಟಾಕೀನೂ ಭರಮವ್ವನ. ಅದ ಮುದುಕಿ, ಅದ ಜೇಲು. ಬಣ್ಣಷ್ಟ ಬದಲಾತು."

ಅವರ ಮಾತು ಸುಳ್ಳಲ್ಲ. ಆದರೆ ಈ ಹೊಗೆ ಎಷ್ಟು ದಿನದ್ದು? ರಾಜಮತಿ ಕಾಂತಾಳ ರಕ್ತದ ಒಂದು ಹನಿಯನ್ನು ಚೌಕಳಿ ಗೆರೆಯ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಒಂದೊಂದು ಚೌಕದಲ್ಲಿ ಎಷ್ಟು ಕೆಂಪು ಕಣ ಎಂದು ಎಣಿಸಿದಳು. ಲೆಕ್ಕ ಹಾಕಿ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಎಣಿಸಿದಳು. ಮತ್ತೂ ಒಮ್ಮೆ.

"ಜ್ವಾಳಾ ಹಸನ ಮಾಡಿದಂಗ ಮಾಡಾಕತ್ತೀರಲ್ಲ ನರ್ಸಬಾಯಿ! ಹಳ್ಳು ಸಿಕ್ಕವೇನು?"

"ಸಿಕ್ಕವರಿ. ಹೆರಿಗ್ಯಾಗ ರಕ್ತಾ ಹೋಗಿರತೈತಿ. ಸಾಸಿವಿ ಕಾಳಿನಷ್ಟು ರಕ್ತದಾಗ ನಲವತ್ತು ಲಕ್ಷ ಕಣ ಇದ್ರ ಪುಣ್ಯಾ. ಈಕೀವು ಅರವತ್ತು ಲಕ್ಷ ಅದಾವು."

"ಚಲೋನ ಆತಲ್ಲ? ತುಪ್ಪಾ, ಅಂಟಿನುಂಡಿ ತಿಂದಾಳ."

"ಅಂಟಿನುಂಡಿಗೆ ಇಷ್ಟು ಹೆಚ್ಚಾಗೂದಿಲ್ರೀ. ಈ ಕಣಗಳ ಕೆಲಸ ಉಸರು ಹೊರೂದು. ಇದ್ದಲಿ ಹೊಗಿ ಅವುಗಳ ಬೆನ್ನ ಮ್ಯಾಲೆ ಕುಂತ್ರ ಇಳಿಯಾಂಗಿಲ್ಲ. ಉಸರಿಗೆ ಜಾಗಾ ಇಲ್ಲ. ಮೈಯಾಗಿನ ಒಂದೊಂದು ಜೀವಕಣಾನೂ ಉಪವಾಸ ಬೀಳತೈತಿ. ಆಗ ಎಲುವಿನೊಳಗ ಹೊಸಾ ಕಣ ತಯಾರಾಗತಾವು, ಹಮಾಲರು ಕಡಿಮಿ ಬಿದ್ರ ಹೊಸಬರನ್ನ ತುಂಬಿಕೊಂಡಂಗ. ಆದ್ರ ಅದು ಒಂದು ಮುಂಜಾನಿ ಕೆಲಸಲ್ಲ ಸಾಹೇಬ್ರ. ವಾರಗಟ್ಟಲೆ ಬೇಕು."

ಫೌಜದಾರರ ಕೈ ಮೀಸೆಯ ಮೇಲೇ ನಿಂತಿತು.

"ಭರಮವ್ವ ಆ ಮನಿಗೆ ಬಂದು ಎಷ್ಟು ದಿನಾ ಆತ್ರಿ?"

"ಮೊದಲಿನ ಸೂಲಗಿತ್ತಿ ಕಾಲು ಉಳಕಿತ್ತು. ಈಕಿ ಬಂದು... ಆರ ದಿನಾ," ಎಂದರು ಫೌಜದಾರರು.

"ನೋಡ್ರಿ ಮತ್ತ. ಅರವತ್ತು ಲಕ್ಷ ಸಾಕ್ಷಿ ಆಕಿ ಕಡೆ ಅದಾವು."

* * *

ಮರುದಿನ ರಾಜಮತಿಯೂ ಫೌಜದಾರರೂ ಆದಿನಾಥನ ಜೊತೆ ಖಾನಾಪುರದ ಅವನ ಮನೆಗೆ ಹೋದರು. ಬಾಣಂತಿ ಕೋಣೆಗೆ ಕಿಟಕಿ ಒಂದೇ. ಅದರ ಸಂದುಗಳಿಗೆಲ್ಲ ಚಿಂದಿ ತುರುಕಿತ್ತು.

"ಇದನ್ನ ಯಾರು ತುರುಕಿದ್ರು?" ಎಂದಳು ರಾಜಮತಿ.

"ನಾನ," ಎಂದಳು ಅತ್ತೆ ಸೋನಾಬಾಯಿ, ಎದೆ ಸೆಟೆಸಿ. "ಬಾಣಂತಿಗೆ ಥಂಡಿ ಹತ್ತಬಾರದು. ನಾನು ಐದು ಹಡದೇನಿ. ಇದ ಕೋಣಿ, ಇದ ಶೇಗಡಿ. ನನಗೇನಾಗೇತಿ? ಗಟ್ಟಿ ಕಲ್ಲಾಗೇನಿ!"

"ಅದು ಊರಿಗೇ ಗೊತ್ತೈತಿ ಬಿಡವಾ," ಎಂದರು ಫೌಜದಾರರು.

ಅತ್ತೆಯೇ ಇರಬಹುದೆ? ಆದರೆ ಐದು ಬಾಣಂತನ ಕಾದ ಕೋಣೆ ಆರನೆಯದಕ್ಕೆ ಯಾಕೆ ಮುನಿಯಿತು? ರಾಜಮತಿ ತಲೆ ಎತ್ತಿದಳು. ಅಟ್ಟದ ನಡುವೆ ಹೊಗೆ ಹೋಗಲು ಬೆಳಕಿಂಡಿ ಇತ್ತು. ಏಣಿ ಹತ್ತಿ ಅಟ್ಟ ನೋಡಿದಳು. ಬೆರಳು ದಪ್ಪದ ಧೂಳು. ಬೆಳಕಿಂಡಿಯ ಪಕ್ಕ ಒಂದು ಹಲಗೆ. ಹಲಗೆಯಿಂದ ಕಿಂಡಿಯವರೆಗೆ ಮಾತ್ರ ಧೂಳು ಉಜ್ಜಿ ಹೋಗಿತ್ತು, ದಿನಾ ಎಳೆದಾಡಿದ ಹಾಗೆ. ಸೋನಾಬಾಯಿಗೆ ಮೊಣಕಾಲು ನೋವು. ಹೊಸಿಲು ದಾಟುವುದೇ ಕಷ್ಟ.

ರಾಜಮತಿ ಯಾರಿಗೂ ತಿಳಿಯದಂತೆ ಹಲಗೆಯನ್ನು ಕಿಂಡಿಯ ಮೇಲೆ ಎಳೆದು ಕೆಳಗಿಳಿದಳು.

"ಎಲ್ಲಾರೂ ಒಳಗ ಬಂದು ಕುಂದರ್ರಿ. ಆ ಮುಂಜಾನಿ ಹೆಂಗಿತ್ತು, ಹಂಗ ಮಾಡಿ ನೋಡೂಣು."

ಬಾಗಿಲು ಹಾಕಿದರು. ಹೊರಸಿನ ಕೆಳಗೆ ಶೇಗಡಿ, ಮೇಲೆ ಬೂದಿ ಮುಚ್ಚಿತ್ತು. ಮೂಲೆಯಲ್ಲಿ ಒಂದು ದೀಪ. ಸೋನಾಬಾಯಿ ಶೇಗಡಿ ನೋಡುತ್ತ ಕುಳಿತಳು. ಫೌಜದಾರರೂ ಶೇಗಡಿಯನ್ನೇ ನೋಡಿದರು.

ಆದಿನಾಥ ಮಾತ್ರ ಮೇಲೆ ನೋಡಿದ.

ಹಣೆಯಲ್ಲಿ ಬೆವರು ಒಡೆಯಿತು. ಅಂಗಿಯ ಗುಂಡಿ ಬಿಚ್ಚಿದ. ಎದ್ದೇ ಬಿಟ್ಟ.

"ಬೆಳಕಿಂಡಿ ತಗೀರಿ! ಹಲಗಿ ಸರಸ್ರಿ, ಎಲ್ಲಾರೂ ಸಾಯ್ತೀವಿ!"

ರಾಜಮತಿ ಬೂದಿಯನ್ನು ಕೆದರಿ ತೋರಿಸಿದಳು. ಕೆಳಗೆ ಒಂದು ಕೆಂಡವೂ ಇರಲಿಲ್ಲ.

"ಹಲಗಿ ಸುದ್ದಿ ಯಾರು ಹೇಳಿದ್ರು ನಿಮಗ? ನೀವು ಕಷಾಯ ಅಂದವರು. ಸಾಹೇಬ್ರು ಬೆಳಕಿಂಡಿ ಹೆಸರು ಎತ್ತಿಲ್ಲ. ನಾನೂ ಎತ್ತಿಲ್ಲ."

ಆದಿನಾಥ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ; ಫೌಜದಾರರು ಎದ್ದು ಅಡ್ಡ ನಿಂತರು.

"ಇವರು ಹಂಚಿನ ಕಾರಖಾನಿ ಭಟ್ಟಿಯ ಮಿಸ್ತ್ರಿ," ಎಂದಳು ರಾಜಮತಿ ಫೌಜದಾರರ ಕಡೆ ತಿರುಗಿ. "ಬಾಯಿ ಮುಚ್ಚಿದ ಭಟ್ಟಿ ಏನು ಮಾಡತೈತಿ ಅನ್ನೂದು ಇವರಿಗೆ ಗೊತ್ತು. ಬಾಣಂತಿ ಕಾಯಿಸಿಕೊಳ್ಳೂ ಹೊತ್ತಿಗೆ ಕೂಸನ್ನ ಎಳಿಬಿಸಿಲಿಗೆ ಒಯ್ತಾರ. ಆಗ ಕಿಂಡಿ ಮುಚ್ಚೂದು, ಆಮ್ಯಾಲೆ ತಗಿಯೂದು. ಮೊದಲು ಬರೇ ತಲಿನೋವು, ವಾಂತಿ. ಮಂದಿ ಬಾಣಂತಿ ಸನ್ನಿ ಅಂದಿರತಾರ."

"ಅಂದಿದ್ವಿ," ಎಂದಳು ಸೋನಾಬಾಯಿ. ದನಿ ಬಾವಿಯೊಳಗಿಂದ ಬಂದಂತಿತ್ತು. "ಆದಿನಾಥಾ, ಯಾಕೋ?"

ಅವನು ಬಾಯಿ ಬಿಡಲಿಲ್ಲ.

* * *

ಬಾಯಿ ಬಿಟ್ಟವಳು ಕಾಂತಾ. ನಾಲ್ಕನೆಯ ದಿನ ಗಂಜಿ ಕುಡಿದು ಎದ್ದು ಕುಳಿತಳು. ಭರಮವ್ವ ಬಿಡುಗಡೆಯಾಗಿ ಬಂದು ಪಕ್ಕದಲ್ಲೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು.

"ಹ್ವಾದ ವರ್ಷ ಭಟ್ಟಿಯೊಳಗ ಸಿದ್ದಪ್ಪ ಅನ್ನಾಂವ ಸತ್ತ," ಎಂದಳು ಕಾಂತಾ. "ಗಾಳಿ ಆಡೂಕಿಂತ ಮೊದಲ ನಮ್ಮ ಮನಿಯವರ ಅವನ್ನ ಒಳಗ ಕಳಿಸಿದ್ರು. ಮಂದಿಗೆ ಮಾತ್ರ, ಕುಡದು ಮಲಗಿ ಸತ್ತ ಅಂದ್ರು. ಅವನ ಹೇಣ್ತಿ ರೇಣವ್ವ ಆ ಮಾತು ಹೊತ್ತುಕೊಂಡು ತವರಿಗೆ ಹೋದ್ಲು. ನನಗ ತಡಿಯಾಕಾಗಲಿಲ್ಲ. ಏಳು ತಿಂಗಳ ಬಸರಿದ್ದಾಗ, ಖರೇ ಏನಾತು ಅಂತ ರೇಣವ್ವಗ ಕಾಗದಾ ಬರದೆ. ನನ್ನ ಹೊರಗ ಬಿಡತಿರಲಿಲ್ಲ, ಒಯ್ಯೋರೂ ಯಾರೂ ಇರಲಿಲ್ಲ. ಇವರಿಗೇ ಹೇಳಿದೆ, ನೀವು ಹಾಕದಿದ್ರ ಹಡದ ನಲವತ್ತನೇ ದಿನಾ ಬಸದಿಗೆ ಹೋಗಿ ಬರೂ ಮುಂದ ನಾನ ಟಪಾಲಿಗೆ ಹಾಕತೇನಿ ಅಂತ."

ಹೆತ್ತ ಹೆಂಗಸು ನಲವತ್ತು ದಿನ ಹೊಸಿಲು ದಾಟುವುದಿಲ್ಲ. ಅಷ್ಟರೊಳಗೆ ಆದಿನಾಥನ ಕೆಲಸ ಮುಗಿಯಬೇಕಿತ್ತು.

ಕಾಂತಾ ಮನೆಯಿಂದ ಹೊದಿಸಿ ತಂದಿದ್ದ ಕೌದಿಯ ಹೊಲಿಗೆ ಬಿಚ್ಚಿದಳು. ಎರಡು ಪದರಿನ ನಡುವೆ ಕಾಗದ ಇತ್ತು.

ಫೌಜದಾರರು ಕೈ ಚಾಚಿದರು. "ಇದು ಕೋರ್ಟಿಗೆ ಬೇಕಾಗತೈತಿ, ತಂಗಿ."

"ನಿಮಗ ನಕಲು, ಸಾಹೇಬ್ರ. ಅಸಲು ರೇಣವ್ವಗ."

"ಆಕಿಗೆ ಓದಾಕ ಬರೂದಿಲ್ಲಲ್ಲ?"

"ಅದಕ್ಕ ಬರದೇನ್ರೀ. ಸಾಲಿ ಮಾಸ್ತರ ಕಟ್ಟಿ ಮ್ಯಾಲೆ ಕುಂತು ಓದತಾನ. ಊರೆಲ್ಲಾ ಕೇಳತೈತಿ."

ಗುರುಪಾದಪ್ಪನವರು ಕೈ ಹಿಂದಕ್ಕೆ ತೆಗೆದುಕೊಂಡರು. ರಾಜಮತಿ ಅಕ್ಷರ ಬಿಡದೆ ನಕಲು ಬರೆದುಕೊಟ್ಟಳು. ಅದಕ್ಕೆ ಫೌಜದಾರರು ಸಹಿ ಮಾಡಿದರು. ಕಾಂತಾ ಅಸಲನ್ನು ಮಡಚಿ, ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ ಹೆಬ್ಬೆರಳಿನಿಂದ ಬಹಳ ಹೊತ್ತು ಒತ್ತಿ ಹಿಡಿದಳು. ಆಮೇಲೆ ಭರಮವ್ವನ ಹೆಗಲು ಹಿಡಿದು ಮೆಲ್ಲಗೆ ಹೊಸಿಲು ದಾಟಿ, ಹೊರಬಾಗಿಲ ಟಪಾಲು ಡಬ್ಬಿಯವರೆಗೆ ನಡೆದಳು. ಹೆರಿಗೆಯ ಲೆಕ್ಕಕ್ಕೆ ಅದು ಮೂವತ್ತೊಂದನೆಯ ದಿನ.

ಕೆಂಪು ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು, ಕೈ ಬಿಟ್ಟಳು.